ಕೂತ ಸೀಟಿನಲ್ಲೇ ನೆಲ ತಿಳಿದವರು

ಹಳೆಯ ಕ್ಯಾಟರ್‌ಪಿಲ್ಲರ್ ಡಿ-7 ಬುಲ್ಡೋಜರನ್ನು ಬೆಳಿಗ್ಗೆ ಚಾಲೂ ಮಾಡಲು ಎರಡು ಇಂಜಿನ್ ಬೇಕಾಗುತ್ತಿತ್ತು. ದೊಡ್ಡದು ಡೀಸೆಲ್ಲಿನದು. ನಾಲ್ಕು ಸಿಲಿಂಡರು, ಒಟ್ಟು 13.6 ಲೀಟರ್ ಗಾತ್ರ. ಇಂದಿನ ಸಣ್ಣ ಕಾರಿನ ಇಡೀ ಇಂಜಿನ್ ಸುಮಾರು 1.2 ಲೀಟರಿನದಾದರೆ, ಇದರ ಒಂದೊಂದು ಸಿಲಿಂಡರೇ 3.4 ಲೀಟರ್. ಅದನ್ನು ಕೈಯಿಂದ ತಿರುಗಿಸುವುದು ಮನುಷ್ಯನಿಂದ ಆಗುವ ಕೆಲಸವಲ್ಲ. ಆ ಕಾಲದ ಬ್ಯಾಟರಿಯನ್ನು ನಂಬಿಕೊಂಡು ಕಾಡಿನೊಳಗೆ ಹೋಗುವಂತೆಯೂ ಇರಲಿಲ್ಲ. ಹಾಗಾಗಿ ದೊಡ್ಡ ಇಂಜಿನ್ನಿನ ಮಗ್ಗುಲಿಗೇ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಇಂಜಿನ್ ಕೂರಿಸಿದ್ದರು. ಆಪರೇಟರ್‌ಗಳ ಬಾಯಲ್ಲಿ ಅದು ‘ಪೋನಿ’.

ಪೋನಿಗೆ ಪೆಟ್ರೋಲ್ ಬಿಟ್ಟು, ಚೋಕ್ ಎಳೆದು, ಹ್ಯಾಂಡಲ್ ತಿರುಗಿಸಬೇಕು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಕಡೆಗೇ ಇರಬೇಕು, ಸುತ್ತುಹಾಕಿ ಹಿಡಿಯಬಾರದು. ಇಂಜಿನ್ ಹಿಂದಕ್ಕೆ ಒದ್ದರೆ ಮುರಿಯುವುದು ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಪೋನಿ ಹತ್ತಿಕೊಂಡ ಮೇಲೆ ಕೆಲವು ನಿಮಿಷ ಸುಮ್ಮನೆ ಓಡಲು ಬಿಡಬೇಕು. ಅದರ ಬಿಸಿನೀರೇ ದೊಡ್ಡ ಇಂಜಿನ್ನಿಗೂ ಹರಿಯುತ್ತದೆ, ಅದರ ಹೊಗೆಯ ಶಾಖ ಡೀಸೆಲ್ ಇಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ಕಾಯಿಸುತ್ತದೆ. ಆಮೇಲೆ ಕಂಪ್ರೆಷನ್ ಬಿಡುವ ಲಿವರ್ ಎಳೆದು, ಪೋನಿಯ ಕ್ಲಚ್ ಹಾಕಿದರೆ, ದೊಡ್ಡ ಇಂಜಿನ್ ಒತ್ತಡವಿಲ್ಲದೆ ನಿಧಾನಕ್ಕೆ ಉರುಳತೊಡಗುತ್ತದೆ. ಕಣ್ಣು ಆಯಿಲ್ ಮೀಟರಿನ ಮೇಲೆ. ಮುಳ್ಳು ಏಳುವವರೆಗೂ ಅವಸರ ಕೂಡದು. ಎದ್ದಮೇಲೆ ಕಂಪ್ರೆಷನ್ ಲಿವರನ್ನು ಮತ್ತೆ ಒಳಕ್ಕೆ ಹಾಕಿದಾಗ ಪೋನಿ ಒಮ್ಮೆ ಉಬ್ಬಸಪಡುತ್ತದೆ, ಸದ್ದು ಕುಗ್ಗುತ್ತದೆ. ಡೀಸೆಲ್ ಬಿಟ್ಟ ಕೂಡಲೇ ಒಂದು ಸಿಲಿಂಡರ್ ಗುಡುಗುತ್ತದೆ, ಅದರ ಹಿಂದೆ ಇನ್ನೊಂದು, ಆಮೇಲೆ ನಾಲ್ಕೂ.

ಈಗಿನ ಡೋಜರಿನಲ್ಲಿ ಕೀಲಿ ತಿರುಗಿಸಿದರೆ ಮುಗಿಯಿತು. ಆದರೂ ಹಳೆಯ ಗಾಡಿ ಓಡಿಸಿದವರನ್ನು ಮಾತಿಗೆಳೆದರೆ, ಅವರು ಅಮೆರಿಕದವರಾಗಲಿ ಅಸ್ಸಾಮಿನವರಾಗಲಿ, ಮೊದಲು ನೆನೆಯುವುದು ಈ ಬೆಳಗಿನ ವಿಧಿಯನ್ನೇ. ಕಷ್ಟದ ಕೆಲಸವೊಂದು ಇಷ್ಟು ಪ್ರೀತಿಯಿಂದ ನೆನಪಾಗುವುದೇಕೆ ಎಂಬುದಕ್ಕೆ ನನಗೆ ಕಾಣುವ ಕಾರಣ ಒಂದೇ. ಆ ಯಂತ್ರ ತನ್ನ ಸ್ಥಿತಿಯನ್ನು ಯಾವ ಪರದೆಯ ಮೇಲೂ ಬರೆದು ತೋರಿಸುತ್ತಿರಲಿಲ್ಲ. ಕೂತವನ ಕಿವಿ, ಬೆನ್ನು, ಅಂಗೈಗಳ ಮೂಲಕವೇ ಹೇಳುತ್ತಿತ್ತು. ಅದನ್ನು ಕೇಳಿಸಿಕೊಳ್ಳಲು ಕಲಿತವನು ತನ್ನ ಮೈಯನ್ನೇ ಅಳತೆಗೋಲು ಮಾಡಿಕೊಳ್ಳಬೇಕಿತ್ತು. ಹಾಗೆ ಮೈಗೂಡಿದ ವಿದ್ಯೆಯನ್ನು ಯಾರೂ ಮರೆಯುವುದಿಲ್ಲ.

ಒಂದೊಂದು ಕಂಪನಿಯ ಗಾಡಿಗೆ ಒಂದೊಂದು ಸ್ವಭಾವ. ಇಂಟರ್‌ನ್ಯಾಷನಲ್ ಹಾರ್ವೆಸ್ಟರಿನ ಆಗಿನ ಡೀಸೆಲ್ ಇಂಜಿನ್ನಿಗೆ ಪೋನಿ ಇರಲಿಲ್ಲ. ಅದೇ ಇಂಜಿನ್ ಮೊದಲು ಪೆಟ್ರೋಲಿನಲ್ಲಿ ಹತ್ತಿಕೊಂಡು, ಕಾದ ಮೇಲೆ ಡೀಸೆಲ್ಲಿಗೆ ಹೊರಳುತ್ತಿತ್ತು. ಆ ಹೊರಳುವ ಗಳಿಗೆಯಲ್ಲಿ ಸದ್ದು ಬದಲಾಗುವುದನ್ನು ಕೇಳಿಯೇ ಆಪರೇಟರ್ ಸಮಾಧಾನದ ಉಸಿರು ಬಿಡುತ್ತಿದ್ದ. ಅಲಿಸ್-ಚಾಮರ್ಸ್ ಕಂಪನಿಯ ಎಚ್‌ಡಿ-7, ಎಚ್‌ಡಿ-10, ಎಚ್‌ಡಿ-14 ಗಾಡಿಗಳಲ್ಲಿ ಇದ್ದದ್ದು ಜನರಲ್ ಮೋಟರ್ಸಿನ ಟೂ-ಸ್ಟ್ರೋಕ್ ಡೀಸೆಲ್. ಟೂ-ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರ್ ಹೊಡೆಯುವುದರಿಂದ ಅದರ ಕೂಗು ನಿಜವಾದ ವೇಗದ ಇಮ್ಮಡಿ ಎನ್ನಿಸುತ್ತಿತ್ತು. ಮೈಲಿ ದೂರಕ್ಕೂ ಕೇಳಿಸುವ ಚೀರಾಟ ಅದು. ಅದರ ಎದುರು ಕ್ಯಾಟರ್‌ಪಿಲ್ಲರ್ ಇಂಜಿನ್ನಿನದು ಗಂಭೀರ ಗತಿ. ಪೂರ್ತಿ ಜೋರಿನಲ್ಲೂ ನಿಮಿಷಕ್ಕೆ ಸುಮಾರು 1000 ಸುತ್ತು ಮಾತ್ರ. ಕೆಲಸವಿಲ್ಲದೆ ನಿಂತಾಗಲಂತೂ ಸಿಲಿಂಡರುಗಳ ಹೊಡೆತ ಬಿಡಿಬಿಡಿಯಾಗಿಯೇ ಕೇಳಿಸುತ್ತದೆ. ಬ್ಲೇಡಿಗೆ ಮಣ್ಣು ತುಂಬಿ ಭಾರ ಹೆಚ್ಚಿದಂತೆ ಆ ಸದ್ದು ಆಳಕ್ಕಿಳಿಯುತ್ತದೆ. ಎಷ್ಟು ಇಳಿದಾಗ ಬ್ಲೇಡನ್ನು ಬೆರಳಗಲ ಎತ್ತಬೇಕು ಎಂಬುದು ಕಿವಿಗೆ ಗೊತ್ತಾಗುತ್ತದೆ. ಅದಕ್ಕೆ ಬೇರೆ ಮೀಟರು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಸ್ಟಿಯರಿಂಗ್ ಚಕ್ರವೂ ಇಲ್ಲ. ಎರಡು ಲಿವರು, ಎರಡು ಬ್ರೇಕ್ ಪೆಡಲು. ಬಲ ಲಿವರ್ ಎಳೆದರೆ ಬಲಗಡೆಯ ಚೈನಿಗೆ ಹೋಗುವ ಶಕ್ತಿ ಕಡಿಯುತ್ತದೆ. ಎಡ ಚೈನು ತಳ್ಳುತ್ತಲೇ ಇರುವುದರಿಂದ ಗಾಡಿ ಬಲಕ್ಕೆ ಹೊರಳುತ್ತದೆ. ಇನ್ನೂ ಬಿಗಿಯಾಗಿ ತಿರುಗಬೇಕಾದರೆ ಅದೇ ಕಡೆಯ ಬ್ರೇಕನ್ನೂ ತುಳಿಯಬೇಕು. ಇಷ್ಟು ಕಲಿಯಲು ಒಂದು ಮಧ್ಯಾಹ್ನ ಸಾಕು. ಆದರೆ ಕಡಿದಾದ ಇಳಿಜಾರಿನಲ್ಲಿ ಈ ಪಾಠ ತಲೆಕೆಳಗಾಗುತ್ತದೆ. ಇಳಿಯುವಾಗ ಗಾಡಿಯ ಭಾರವೇ ಅದನ್ನು ಕೆಳಕ್ಕೆ ನೂಕುತ್ತಿರುತ್ತದೆ, ಇಂಜಿನ್ ಎರಡೂ ಚೈನುಗಳನ್ನು ತಡೆದು ಹಿಡಿದಿರುತ್ತದೆ. ಆಗ ಬ್ರೇಕ್ ತುಳಿಯದೆ ಬಲ ಲಿವರ್ ಎಳೆದರೆ ಬಲ ಚೈನಿನ ತಡೆ ತಪ್ಪುತ್ತದೆ, ಅದು ಸಡಿಲಗೊಂಡು ಮುಂದೆ ಓಡುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ! ಎಡಗಡೆ ಪ್ರಪಾತವಿದ್ದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಬೆಟ್ಟದ ರಸ್ತೆ ಕಡಿದ ಆಪರೇಟರ್‌ಗಳು ಹೊಸಬರಿಗೆ ಮೊಟ್ಟಮೊದಲು ಕಲಿಸುತ್ತಿದ್ದದ್ದು ಇದನ್ನು. ಯೋಚಿಸಿ ಮಾಡಲು ಅಲ್ಲಿ ಸಮಯವಿಲ್ಲ. ಇಳಿಜಾರು ಬಂದದ್ದು ಬೆನ್ನಿಗೆ ತಿಳಿದ ಕ್ಷಣವೇ ಕೈ ತಾನಾಗಿ ಇನ್ನೊಂದು ಲಿವರಿಗೆ ಹೋಗಬೇಕು, ಇಲ್ಲವೇ ಕಾಲು ಬ್ರೇಕಿಗೆ ಹೋಗಬೇಕು.

ಡೋಜರಿನ ನಿಜವಾದ ವಿದ್ಯೆ ಇರುವುದು ಬ್ಲೇಡಿನಲ್ಲಿ. ನೋಡುವವರಿಗೆ ಅದು ಬರೀ ಮಣ್ಣು ನೂಕುವ ಹಲಗೆ. ಕೂತವನ ಕಷ್ಟವೇ ಬೇರೆ. ಬ್ಲೇಡ್ ಇರುವುದು ಚೈನುಗಳ ಮುಂದೆ. ಅಂದರೆ ತಾನು ಈಗ ಕೆತ್ತಿದ ನೆಲದ ಮೇಲೆಯೇ ಗಾಡಿ ಮರುಕ್ಷಣ ನಡೆಯಬೇಕು. ಎಲ್ಲೋ ಒಂದು ಕಡೆ ಬ್ಲೇಡ್ ನಾಲ್ಕು ಬೆರಳು ಹೆಚ್ಚು ಇಳಿಯಿತು ಎನ್ನಿ. ಆ ತಗ್ಗಿಗೆ ಚೈನು ಇಳಿದಾಗ ಗಾಡಿಯ ಮೂತಿ ಬಾಗುತ್ತದೆ, ಬ್ಲೇಡ್ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಗಾಬರಿಯಾಗಿ ಎತ್ತಿದರೆ ಮುಂದೆ ದಿಬ್ಬ ಉಳಿಯುತ್ತದೆ. ದಿಬ್ಬ ಹತ್ತಿದಾಗ ಮೂತಿ ಮೇಲಕ್ಕೆ, ಅದು ದಾಟಿದ ಮೇಲೆ ಮತ್ತೆ ಕೆಳಕ್ಕೆ. ಒಂದು ತಪ್ಪು ಹೀಗೆ ಅಲೆಅಲೆಯಾಗಿ ಇಡೀ ನೆಲಕ್ಕೆ ಹಬ್ಬುತ್ತದೆ. ಹೊಸಬರು ಲೆವೆಲ್ ಮಾಡಿದ ಜಾಗ ಕೆರೆಯ ಅಲೆಯಂತೆ ಕಾಣುವುದು ಇದರಿಂದಲೇ. ಪಳಗಿದವನು ಬ್ಲೇಡನ್ನು ನೋಡುತ್ತಾ ಕೂರುವುದಿಲ್ಲ. ಮೂತಿ ಬಾಗತೊಡಗಿದ್ದು ಸೀಟಿನ ಮೂಲಕ ಅವನ ಸೊಂಟಕ್ಕೆ ಗೊತ್ತಾಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ಕೈ ಲಿವರನ್ನು ಕೂದಲೆಳೆಯಷ್ಟು ಅಲುಗಿಸಿರುತ್ತದೆ. ಮೇಳಿ ಹಿಡಿದ ರೈತನಿಗೆ ನೇಗಿಲ ಗುಳ ಮಣ್ಣಿನೊಳಗೆ ಎಲ್ಲಿ ಕಲ್ಲು ತಾಗಿತು, ಎಲ್ಲಿ ಹಸಿ ಸಿಕ್ಕಿತು ಎಂದು ಅಂಗೈಯಲ್ಲೇ ತಿಳಿಯುತ್ತದಲ್ಲ, ಇದೂ ಅದೇ ಜಾತಿಯ ಅರಿವು.

ಹಿಂದೆ ಬ್ಲೇಡನ್ನು ಎತ್ತಿಳಿಸುತ್ತಿದ್ದದ್ದು ಉಕ್ಕಿನ ಹಗ್ಗ. ಗಾಡಿಯ ವಿಂಚ್‌ನಿಂದ ಹೊರಟ ಹಗ್ಗ ರಾಟೆಗಳ ಮೇಲೆ ಹಾಯ್ದು ಬ್ಲೇಡನ್ನು ಎಳೆಯುತ್ತಿತ್ತು. ಇಂಥ ಸಾಧನಗಳನ್ನು ರೂಢಿಗೆ ತಂದವರಲ್ಲಿ ಅಮೆರಿಕದ ಆರ್.ಜಿ. ಲೆಟೂರ್ನೊ (1888–1969) ಪ್ರಮುಖರು. ಹಗ್ಗ ಎತ್ತಬಲ್ಲದು, ಒತ್ತಲಾರದು. ಬ್ಲೇಡ್ ತನ್ನ ಭಾರದಿಂದಲೇ ನೆಲಕ್ಕಿಳಿಯಬೇಕು. ಗಟ್ಟಿ ಗೊಚ್ಚಿನ ಮೇಲೆ ಅದು ಜಾರಿಕೊಂಡು ಹೋಗುವುದೇ ಹೆಚ್ಚು. ಆಗ ಆಪರೇಟರ್ ಬ್ಲೇಡಿನ ಒಂದು ಮೂಲೆಯಿಂದ ನೆಲ ಕಚ್ಚಿಸಿ, ಆ ಗೀರಿನಿಂದ ಅಗಲ ಮಾಡುತ್ತಾ ಹೋಗಬೇಕಿತ್ತು. ಆಮೇಲೆ ಹೈಡ್ರಾಲಿಕ್ ಬಂತು, ಅದು ಬ್ಲೇಡನ್ನು ಕೆಳಕ್ಕೆ ಒತ್ತಿ ಗಾಡಿಯ ಮೂತಿಯನ್ನೇ ಮೇಲೆತ್ತಬಲ್ಲದು. ಆದರೂ ಹಗ್ಗದ ಬ್ಲೇಡ್ ಓಡಿಸಿದವರು ಅದನ್ನು ಬಿಟ್ಟುಕೊಡುವುದಿಲ್ಲ. ಲಿವರ್ ಬಿಟ್ಟ ಕೂಡಲೇ ಬೀಳುತ್ತಿದ್ದ ಅದರ ಚುರುಕು ಮೊದಮೊದಲ ಹೈಡ್ರಾಲಿಕ್ಕಿಗೆ ಇರಲಿಲ್ಲ ಎನ್ನುವುದು ಅವರ ವಾದ. ವಾದದಲ್ಲಿ ಹುರುಳಿದೆ.

ಅಭಿಮಾನದ ಮಾತಿನ ನಡುವೆ ಕಷ್ಟವನ್ನೂ ಹೇಳಬೇಕು. ಆ ಗಾಡಿಗಳಿಗೆ ಕ್ಯಾಬಿನ್ ಇರಲಿಲ್ಲ, ಹೆಚ್ಚೆಂದರೆ ಮೇಲೊಂದು ತಗಡು. ಮುಂದಿನಿಂದ ಇಂಜಿನ್ನಿನ ಕಾವು ಮುಖಕ್ಕೆ ಹೊಡೆಯುತ್ತದೆ, ಧೂಳು ಸುತ್ತಲಿಂದಲೂ ಏಳುತ್ತದೆ. ಮರ ನೂಕುವಾಗ ಮೇಲಿನ ಒಣಕೊಂಬೆ ಮುರಿದು ತಲೆಯ ಮೇಲೆ ಬಿದ್ದು ಸತ್ತವರಿದ್ದಾರೆ. ಗಾಡಿ ಮಗುಚಿದರೆ ಕೂತವನನ್ನು ಕಾಯುವ ಉಕ್ಕಿನ ಚೌಕಟ್ಟು ಅಮೆರಿಕದಲ್ಲೇ ಕಡ್ಡಾಯವಾದದ್ದು 1970ರ ದಶಕದಲ್ಲಿ. ವರ್ಷಗಟ್ಟಲೆ ಕೂತವರ ಕಿವಿ ಮಂದವಾಯಿತು, ಬೆನ್ನು ಸವೆಯಿತು. ಹೊಸ ಗಾಡಿಯ ತಂಪು ಕ್ಯಾಬಿನ್ನನ್ನು ಅವರು ಹಳಿಯುವುದಿಲ್ಲ, ಹಳಿಯಲೂಬಾರದು. ಹಳೆಯದನ್ನು ಪ್ರೀತಿಸುವುದಕ್ಕೆ ಹೊಸದನ್ನು ಬೈಯಬೇಕಾದ ಅಗತ್ಯವಿಲ್ಲ.

ಈ ಯಂತ್ರದ ಚರಿತ್ರೆ ದೊಡ್ಡದು, ಬೇಕಾದಷ್ಟನ್ನೇ ಹೇಳುತ್ತೇನೆ. 1904ರ ನವೆಂಬರ್ 24ರಂದು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಬಳಿ ಬೆಂಜಮಿನ್ ಹೋಲ್ಟ್ ತನ್ನ ಉಗಿ ಟ್ರ್ಯಾಕ್ಟರಿನ ಚಕ್ರ ಕಳಚಿ ಚೈನು ಹಾಕಿ ಓಡಿಸಿದ. ಅಲ್ಲಿನ ನದೀಮುಖದ ಮೆತ್ತನೆಯ ನೆಲದಲ್ಲಿ ಚಕ್ರದ ಗಾಡಿಗಳು ಹೂತುಹೋಗುತ್ತಿದ್ದವು. ಚೈನು ಭಾರವನ್ನು ಅಗಲಕ್ಕೆ ಹರಡುವುದರಿಂದ ನೆಲದ ಮೇಲೆ ಬೀಳುವ ಒತ್ತಡ ಒಂಟಿ ಕಾಲಲ್ಲಿ ನಿಂತ ಮನುಷ್ಯನ ಒತ್ತಡಕ್ಕೆ ಹತ್ತಿರವಷ್ಟೆ. ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು ಸೇರಿ 1925ರಲ್ಲಿ ಕ್ಯಾಟರ್‌ಪಿಲ್ಲರ್ ಆಯಿತು. 1931ರಲ್ಲಿ ಡೀಸೆಲ್ ಟ್ರ್ಯಾಕ್ಟರ್ ಬಂತು. ಅದೇ ವರ್ಷ ಬೂದು ಬಣ್ಣ ಹೋಗಿ ಹಳದಿ ಬಂತು.

ಆಪರೇಟರ್‌ಗಳ ಕಥೆಯಲ್ಲಿ ನಾನು ಮರೆಯಲಾಗದ ದಿನವೆಂದರೆ 1942ರ ಅಕ್ಟೋಬರ್ 25. ಜಪಾನಿನ ದಾಳಿಯ ಭಯದಿಂದ ಅಮೆರಿಕದ ಸೇನೆ ಕೆನಡಾದ ಮೂಲಕ ಅಲಾಸ್ಕಾಕ್ಕೆ ಸಾವಿರಾರು ಕಿಲೋಮೀಟರಿನ ರಸ್ತೆಯನ್ನು ಒಂದೇ ವರ್ಷದಲ್ಲಿ ಕಡಿಯುತ್ತಿತ್ತು. ಕೆಲಸಕ್ಕೆ ಹಚ್ಚಿದ ಏಳು ಇಂಜಿನಿಯರ್ ರೆಜಿಮೆಂಟುಗಳಲ್ಲಿ ಮೂರು ಕಪ್ಪು ಸೈನಿಕರವು. ಆಗ ಸೇನೆಯಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆಬೇರೆ ತುಕಡಿ. ಕಪ್ಪು ಜನಕ್ಕೆ ಯಂತ್ರ ಓಡಿಸಲು ಬಾರದು ಎಂಬ ನಂಬಿಕೆ ಮೇಲಧಿಕಾರಿಗಳಲ್ಲಿ ಎಷ್ಟು ಬೇರೂರಿತ್ತೆಂದರೆ, 95ನೇ ರೆಜಿಮೆಂಟಿನ ದೊಡ್ಡ ಯಂತ್ರಗಳನ್ನು ಕಿತ್ತು ಬಿಳಿಯರ ತುಕಡಿಗೆ ಕೊಟ್ಟು, ಇವರ ಕೈಗೆ ಗುದ್ದಲಿ ಸಲಿಕೆ ಕೊಟ್ಟರು. ಆ ಕೈಗಳೇ ಸಿಕಾನಿ ಚೀಫ್ ನದಿಗೆ ಮರದ ಸೇತುವೆ ಕಟ್ಟಿದವು. ಉತ್ತರದ ತುದಿಯಲ್ಲಿ 97ನೇ ರೆಜಿಮೆಂಟಿನ ಕಾರ್ಪೊರಲ್ ರಿಫೈನ್ಸ್ ಸಿಮ್ಸ್ ಎಂಬ ಕಪ್ಪು ಆಪರೇಟರ್ ಬುಲ್ಡೋಜರಿನಲ್ಲಿ ಕಾಡು ಕಡಿಯುತ್ತಾ ಬರುತ್ತಿದ್ದ. ಬೀವರ್ ಕ್ರೀಕ್ ಬಳಿ ಅವನ ಎದುರಿನ ಮರಗಳು ತಾವಾಗಿಯೇ ಅವನ ಕಡೆಗೆ ಬೀಳತೊಡಗಿದವು. ಸಿಮ್ಸ್ ಗಾಡಿಯನ್ನು ಹಿಂದಕ್ಕೆ ಹಾಕಿದ. ಮರಗಳ ಹಿಂದಿನಿಂದ ಹೊರಬಂದದ್ದು 18ನೇ ರೆಜಿಮೆಂಟಿನ ಬಿಳಿಯ ಆಪರೇಟರ್ ಆಲ್ಫ್ರೆಡ್ ಜಲೂಫ್ಕನ ಬುಲ್ಡೋಜರ್. ಎರಡೂ ಬ್ಲೇಡುಗಳು ಮುಖಾಮುಖಿಯಾದವು, ರಸ್ತೆ ಕೂಡಿತು. ಅಮೆರಿಕದ ಸೇನೆಯಲ್ಲಿ ಬಣ್ಣದ ಭೇದ ತೆಗೆದುಹಾಕುವ ಆದೇಶ ಹೊರಟದ್ದು ಇನ್ನೂ ಆರು ವರ್ಷಗಳ ನಂತರ, 1948ರಲ್ಲಿ.

ನಮ್ಮ ದೇಶಕ್ಕೂ ಬುಲ್ಡೋಜರ್ ದೊಡ್ಡ ಪ್ರಮಾಣದಲ್ಲಿ ಬಂದದ್ದು ಅದೇ ಯುದ್ಧದಿಂದ. ಅಸ್ಸಾಮಿನ ಲೇಡೊದಿಂದ ಬರ್ಮಾದ ಕಾಡುಗಳ ಮೂಲಕ ಚೀನಾಕ್ಕೆ 1942ರ ಕೊನೆಯಿಂದ 1945ರ ಮೊದಲ ತಿಂಗಳವರೆಗೆ ರಸ್ತೆ ಕಡಿದರು. ಅಲ್ಲಿಗೆ ಬಂದ ಅಮೆರಿಕನ್ ಸೈನಿಕರಲ್ಲೂ ಹೆಚ್ಚಿನವರು ಕಪ್ಪು ಜನ. ಜೊತೆಗೆ ದುಡಿದ ಭಾರತದ ಸಾವಿರಾರು ಕೂಲಿಗಳ ಹೆಸರುಗಳು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇಲ್ಲ. ಯುದ್ಧ ಮುಗಿದಾಗ ಸೇನೆ ಬಿಟ್ಟುಹೋದ ಚೈನ್ ಟ್ರ್ಯಾಕ್ಟರುಗಳನ್ನು ಸ್ವಾತಂತ್ರ್ಯದ ಆಸುಪಾಸಿನಲ್ಲಿ ಕೇಂದ್ರ ಟ್ರ್ಯಾಕ್ಟರ್ ಸಂಘಟನೆ ಉಳುಮೆಗೆ ಇಳಿಸಿತು. ಮಧ್ಯಭಾರತದ ಲಕ್ಷಾಂತರ ಎಕರೆ ನೆಲವನ್ನು ಕಾಂಸ್ ಎಂಬ ಹುಲ್ಲು ಆವರಿಸಿತ್ತು. ಅದರ ಬೇರು ಎತ್ತಿನ ನೇಗಿಲಿಗೆ ಎಟುಕದಷ್ಟು ಆಳದ್ದು. ಅದನ್ನು ಬುಡಸಮೇತ ಮೇಲಕ್ಕೆ ಹಾಕಲು ಈ ಯಂತ್ರಗಳೇ ಬೇಕಾದವು. 1949ರಲ್ಲಿ ವಿಶ್ವ ಬ್ಯಾಂಕ್ ಭಾರತಕ್ಕೆ ಕೊಟ್ಟ ಆರಂಭದ ಸಾಲಗಳಲ್ಲೊಂದು ಇದೇ ಕೆಲಸದ ಯಂತ್ರಗಳಿಗಾಗಿ: ಒಂದು ಕೋಟಿ ಡಾಲರ್. ಕೊಲ್ಲಲು ಹೊರಟ ಸೇನೆಯ ಗಾಡಿ ಅನ್ನ ಬೆಳೆಯುವ ನೆಲ ಬಿಡಿಸಿತು ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಕನ್ನಡನಾಡಿನ ಪಾಲು ಶುರುವಾಗುವುದು 1964ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಭಾರತ್ ಅರ್ಥ್ ಮೂವರ್ಸ್, ಅಂದರೆ ನಮ್ಮ ಬಿಇಎಂಎಲ್, ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು, ಮರುವರ್ಷ ಜನವರಿಯಿಂದ ಕೆಲಸ ಶುರುಮಾಡಿತು. ಜಪಾನಿನ ಕೊಮಾಟ್ಸು ಕಂಪನಿಯ ತಂತ್ರಜ್ಞಾನದಲ್ಲಿ ಅದು ಬುಲ್ಡೋಜರ್ ಮಾಡತೊಡಗಿದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಗಣಿ 2001ರಲ್ಲಿ ಮುಚ್ಚಿತು. ಡೋಜರಿನ ಕಾರ್ಖಾನೆ ಉಳಿಯಿತು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿಗೆ ಬಿಇಎಂಎಲ್ ನಗರ ಎಂಬ ನಿಲ್ದಾಣವೇ ಇದೆ. ಅಲ್ಲಿ ತಯಾರಾದ ಡಿ-80 ಡೋಜರ್ ಈ ದೇಶದ ಎಷ್ಟೋ ಆಪರೇಟರ್‌ಗಳ ಮೊದಲ ಗುರು. ಕಲ್ಲಿದ್ದಲ ಗಣಿಯಲ್ಲಿ, ಅಣೆಕಟ್ಟೆಗಳಲ್ಲಿ, ಕಾಲುವೆಯ ಕೆಳಗಿನ ಗದ್ದೆ ಸಮ ಮಾಡುವಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಹಿಮಾಲಯದಲ್ಲಿ ಅದು ದುಡಿಯಿತು. 1960ರ ಮೇ 7ರಂದು ಹುಟ್ಟಿದ ಗಡಿ ರಸ್ತೆ ಸಂಸ್ಥೆಯ ಜನಕ್ಕೆ ಡೋಜರ್ ಇಲ್ಲದ ದಿನವಿಲ್ಲ. ಪ್ರತಿ ಚಳಿಗಾಲದ ಕೊನೆಗೆ 3,978 ಮೀಟರ್ ಎತ್ತರದ ರೋಹ್ಟಾಂಗಿನಲ್ಲಿ, ಜೋಜಿಲಾದಲ್ಲಿ, ಹಿಮದ ಗೋಡೆ ಸೀಳಿ ದಾರಿ ಬಿಡಿಸುವುದು ಅವರ ಕೆಲಸ. ಅಲ್ಲಿ ಗಾಳಿ ತೆಳು, ಇಂಜಿನ್ನಿಗೂ ಉಸಿರು ಸಾಲದು. ಹಿಮದಡಿಯಲ್ಲಿ ರಸ್ತೆಯ ಅಂಚು ಎಲ್ಲಿ ಮುಗಿಯುತ್ತದೆಂದು ಕಾಣುವುದಿಲ್ಲ. ಬ್ಲೇಡಿನ ತುದಿ ಗಟ್ಟಿ ನೆಲದಿಂದ ಮೆದುವಿಗೆ ಜಾರಿದ್ದನ್ನು ಮೈ ತಕ್ಷಣ ಹಿಡಿಯಬೇಕು. ತಡವಾದರೆ ಗಾಡಿ ಕಣಿವೆಗೆ. ಆ ರಸ್ತೆಗಳ ಬದಿಯಲ್ಲಿ ಕಾಣುವ ಸ್ಮಾರಕದ ಕಲ್ಲುಗಳು ಇದಕ್ಕೆ ಸಾಕ್ಷಿ.

ನಮ್ಮ ಡಿಪೋಗಳಲ್ಲಿ ಆಯುಧಪೂಜೆಯ ದಿನ ಡೋಜರಿಗೆ ಕುಂಬಳಕಾಯಿ ಒಡೆದು, ಚೈನಿನ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಗ್ರೀಸ್ ಹೊಡೆಯುವ ಹೆಲ್ಪರ್ ಹುಡುಗನಿಗೂ ಅಂದು ಸೀಟಿನ ಮೇಲೆ ಕೂರುವ ಹಕ್ಕು. ಹೆಚ್ಚಿನ ಆಪರೇಟರ್‌ಗಳು ಹೆಲ್ಪರಾಗಿಯೇ ಬಂದವರು. ಚೈನಿನ ಬಿಗಿ ನೋಡುವುದು, ರೋಲರಿಗೆ ಎಣ್ಣೆ ಸೋರುತ್ತಿದೆಯೇ ಎಂದು ಬಗ್ಗಿ ನೋಡುವುದು, ಸಂಜೆ ಚೈನಿನ ಸಂದಿಯ ಮಣ್ಣು ಕೆರೆಯುವುದು ಅವರ ಓನಾಮ. ಕೆರೆಯದಿದ್ದರೆ ಮಣ್ಣು ರಾತ್ರಿ ಒಣಗಿ ಕಲ್ಲಾಗಿ ಮರುದಿನ ಸ್ಪ್ರಾಕೆಟ್ ತಿನ್ನುತ್ತದೆ. ಡೋಜರಿನ ಖರ್ಚಿನಲ್ಲಿ ದೊಡ್ಡ ಪಾಲು ನುಂಗುವುದು ಈ ಕೆಳಭಾಗವೇ. ಹಾಗಾಗಿ ಅದನ್ನು ಉಳಿಸಿಕೊಂಡವನೇ ಒಳ್ಳೆಯ ಆಪರೇಟರ್ ಎಂದು ಮೇಸ್ತ್ರಿಗಳು ಲೆಕ್ಕ ಹಾಕುತ್ತಿದ್ದರು.

ಇಂದು ಬುಲ್ಡೋಜರ್ ಎಂಬ ಮಾತು ಕಿವಿಗೆ ಬಿದ್ದರೆ ಜನಕ್ಕೆ ನೆನಪಾಗುವುದು ಉರುಳುವ ಮನೆ. ಟಿ.ವಿ.ಯಲ್ಲಿ ಕಾಣುವ ಆ ಗಾಡಿಗಳು ಬಹುಪಾಲು ಚೈನ್ ಡೋಜರುಗಳಲ್ಲ, ಜೆಸಿಬಿಗಳು ಅಥವಾ ಎಕ್ಸ್‌ಕವೇಟರುಗಳು. ಕೆಟ್ಟ ಹೆಸರು ಮಾತ್ರ ಡೋಜರಿಗೆ ಅಂಟಿಕೊಂಡಿತು. ಕಾನೂನಿನ ದಾರಿ ಬಿಟ್ಟು ಮನೆ ಕೆಡವುವುದು ಸಲ್ಲದೆಂದು, ಹದಿನೈದು ದಿನಗಳ ನೋಟಿಸ್ ಕೊಡದೆ ಮುಟ್ಟಬಾರದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದ್ದು ನ್ಯಾಯವಾದ ಮಾತು. ಯಂತ್ರ ಕಾಡನ್ನೂ ತಿಂದಿದೆ, ಪಶ್ಚಿಮಘಟ್ಟದ ಗುಡ್ಡಗಳನ್ನು ಕಡಿದಾಗಿ ಕೊಯ್ದು ಮಳೆಗಾಲದ ಕುಸಿತಕ್ಕೆ ದಾರಿ ಮಾಡಿದೆ. ಎಲ್ಲಿ ಕಡಿಯಬೇಕೆಂದು ನಿರ್ಧರಿಸಿದವನು ಸೀಟಿನಲ್ಲಿ ಕೂತವನಲ್ಲ. ಆದರೆ ಗುಡ್ಡ ಕುಸಿಯುವ ಮಣ್ಣು ಯಾವುದು, ನಿಲ್ಲುವ ಮಣ್ಣು ಯಾವುದು ಎಂದು ಎಲ್ಲರಿಗಿಂತ ಮೊದಲು ತಿಳಿಯುತ್ತಿದ್ದದ್ದು ಅವನಿಗೆ. ಯೋಜನೆ ಬರೆಯುವವರು ಅವನನ್ನು ಕರೆದು ಕೇಳಿದ್ದು ತೀರ ಕಡಿಮೆ.

2013ರಲ್ಲಿ ಕೊಮಾಟ್ಸು ಹೊರತಂದ ಡೋಜರಿನಲ್ಲಿ ಉಪಗ್ರಹದ ಸಂಕೇತ ಹಿಡಿದು ಬ್ಲೇಡ್ ತಾನೇ ಏರಿಳಿಯುತ್ತದೆ. ಭಾರ ಹೆಚ್ಚಾದರೆ ತಾನೇ ಎತ್ತಿಕೊಳ್ಳುತ್ತದೆ. ಕೂತವನು ಹೊಸಬನಾದರೂ ನೆಲ ಸಮವಾಗಿ ಬರುತ್ತದೆ. ಒಳ್ಳೆಯದೇ. ಆ ಯಂತ್ರ ಈಗ ಮಾಡುತ್ತಿರುವುದು ಹಳಬರ ಸೊಂಟ, ಕಿವಿಗಳು ಮಾಡುತ್ತಿದ್ದ ಕೆಲಸವನ್ನೇ. ಅಮೆರಿಕದಲ್ಲಿ ಇದನ್ನು ಅರಿತವರು ಓಹಾಯೊದ ಬೌಲಿಂಗ್ ಗ್ರೀನ್‌ನಲ್ಲಿ ಹಳೆಯ ನಿರ್ಮಾಣ ಯಂತ್ರಗಳಿಗಾಗಿಯೇ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಯಂತ್ರಗಳನ್ನು ನಿಲ್ಲಿಸಿಡುವುದಷ್ಟೇ ಅಲ್ಲ, ಆಗಾಗ ಮೇಳ ನಡೆಸಿ ಹಳೆಯ ಗಾಡಿಗಳಿಂದ ನಿಜವಾಗಿ ಮಣ್ಣು ನೂಕಿಸುತ್ತಾರೆ. ಓಡಿಸುವವರು ಹಳಬರು, ಪಕ್ಕದಲ್ಲಿ ಕಲಿಯುವವರು ಹುಡುಗರು.

ಡೋಜರ್ ತಯಾರಿಸುವ ನಾಡು ನಮ್ಮದು. ಹಳೆಯ ಡಿ-80 ಒಂದನ್ನು ಓಡುವ ಸ್ಥಿತಿಯಲ್ಲಿ ಉಳಿಸಿ, ವರ್ಷಕ್ಕೊಮ್ಮೆ ನಿವೃತ್ತ ಆಪರೇಟರ್‌ಗಳ ಕೈಗೆ ಕೊಟ್ಟು ಜನರಿಗೆ ತೋರಿಸುವುದು ನಮಗೆ ಆಗದ ಕೆಲಸವಲ್ಲ. ಅದು ಆಗುವವರೆಗೆ ಕಾಯುವುದೂ ಬೇಡ. ಕೆಜಿಎಫ್, ಹೊಸಪೇಟೆ, ಆಲಮಟ್ಟಿ, ಕುದುರೆಮುಖ, ಶಿವಮೊಗ್ಗದ ಕಡೆ ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಡೋಜರ್ ಓಡಿಸಿದ ಅಜ್ಜನೋ ದೊಡ್ಡಪ್ಪನೋ ಇದ್ದರೆ ಈ ಭಾನುವಾರ ಅವರ ಬಳಿ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ಗಾಡಿ, ಯಾವ ಊರು, ಯಾವ ವರ್ಷ ಎಂದು ಮೊದಲು ಬರೆದುಕೊಳ್ಳಿ. ಆಮೇಲೆ ಇಳಿಜಾರಿನಲ್ಲಿ ಕೈ ಹೇಗೆ ಹೋಗುತ್ತಿತ್ತು, ಎರೆಮಣ್ಣಿಗೂ ಗೊಚ್ಚಿಗೂ ಬ್ಲೇಡ್ ಹೇಗೆ ಬದಲಿಸುತ್ತಿದ್ದರು, ಯಾವ ಸದ್ದು ಬಂದರೆ ಗಾಡಿ ನಿಲ್ಲಿಸುತ್ತಿದ್ದರು ಎಂದು ಕೇಳಿ. ಅವರ ಕಿವಿ ಮಂದವಾಗಿರುತ್ತದೆ, ಸ್ವಲ್ಪ ಗಟ್ಟಿಯಾಗಿ ಕೇಳಿ.